ಗಟಾರದ ಕಪ್ಪು ರಾಡಿಗೂ ಒಂದು ಇತಿಹಾಸ ಇದೆ

ಹುಲಸೂರಿನಲ್ಲಿ ಮಳೆಗಾಲ ಮುಗಿದು ಗಟಾರದ ನೀರು ನಿಂತ ಮೇಲೆ ಒಂದು ಕೋಲಿನಿಂದ ತಳದ ರಾಡಿ ಕೆದಕಿ ನೋಡಿ. ಮೇಲಿನ ಒಂದೆರಡು ಬೆರಳಿನಷ್ಟು ಕಂದು ಬಣ್ಣ. ಅದರ ಕೆಳಗೆ ಮಸಿಯಂಥ ಕಪ್ಪು. ಕೋಲು ಆಡಿಸಿದರೆ ಗುಳ್ಳೆ ಏಳುತ್ತವೆ, ಜೊತೆಗೆ ಕೊಳೆತ ತತ್ತಿಯ ವಾಸನೆ. ಇದು ನಮ್ಮ ಊರಿಗೆ ಮಾತ್ರ ಇರುವುದಲ್ಲ. ಬಸವಕಲ್ಯಾಣದಲ್ಲಿ, ಹುಮನಾಬಾದಿನಲ್ಲಿ, ಗಡಿ ದಾಟಿ ನಿಲಂಗಾಕ್ಕೆ ಹೋದರೂ ನಿಂತ ನೀರಿನ ತಳ ಹೀಗೇ ಇರುತ್ತದೆ. ಆ ಕಪ್ಪು ಯಾಕೆ, ಆ ವಾಸನೆ ಎಲ್ಲಿಂದ ಎಂದು ಮೊದಲು ಕೇಳಿದವರು ಯಾರು, ಉತ್ತರ ಹುಡುಕಿದವರು ಯಾರು ಎಂಬುದನ್ನು ಈ ಸಲ ಬರೆಯುತ್ತಿದ್ದೇವೆ. ವಿಜ್ಞಾನದ ಬರಹ ಎಂದು ಬಿಟ್ಟು ಮುಂದೆ ಹೋಗಬೇಡಿ. ಸಂಡಾಸದ ಗುಂಡಿಗೆ ಇಳಿದು ಸತ್ತವರ ಸುದ್ದಿಯನ್ನು ನಾವು ಪತ್ರಿಕೆಗೆ ಕಳಿಸುವಾಗ 'ವಿಷಾನಿಲ ಸೇವಿಸಿ' ಎಂದು ಎರಡು ಪದ ಬರೆದು ಮುಗಿಸುತ್ತೇವೆ. ಆ ಎರಡು ಪದದ ಒಳಗೆ ಏನಿದೆ ಎಂಬುದೇ ಈ ಬರಹ.

ಮೊದಲು ಕಪ್ಪಿನ ವಿಷಯ. ನಮ್ಮ ಜಿಲ್ಲೆಯವರಿಗೆ ಕಪ್ಪು ಅಂದರೆ ಬಿದರಿ ನೆನಪಾಗುತ್ತದೆ. ಆದರೆ ಬಿದರಿಯ ಕಪ್ಪು ಬೇರೆ. ಅದು ಸತುವಿನ ಪಾತ್ರೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ಕುದಿಸಿ ಬರಿಸುವ ಬಣ್ಣ. ರಾಡಿಯ ಕಪ್ಪು ಬರುವುದು ಕಬ್ಬಿಣ ಮತ್ತು ಗಂಧಕ ಸೇರಿ. ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇದೆ. ಅದಕ್ಕೆ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ತಾಗಿದರೆ ಕಪ್ಪು ಬಣ್ಣದ ಐರನ್ ಸಲ್ಫೈಡ್ ಆಗುತ್ತದೆ. ಕೊಳೆತ ತತ್ತಿಯ ವಾಸನೆಯೂ ಅದೇ ಅನಿಲದ್ದು. ಗಟಾರದ ಪಕ್ಕದ ಮನೆಯಲ್ಲಿ ಬೆಳ್ಳಿ ಕಾಲುಂಗುರ, ಕಾಲ್ಗೆಜ್ಜೆ ಬೇಗ ಕಪ್ಪಾಗುತ್ತವೆ ಎಂದು ಹೆಂಗಸರು ಹೇಳುವುದು ಸುಳ್ಳಲ್ಲ. ಬೆಳ್ಳಿಯೂ ಈ ಅನಿಲದಿಂದಲೇ ಕಪ್ಪಾಗುವುದು.

ಈ ಅನಿಲವನ್ನು ರಾಡಿಯೊಳಗೆ ತಯಾರು ಮಾಡುವವರು ಯಾರು? 1895ರಲ್ಲಿ ಇದಕ್ಕೆ ಗಟ್ಟಿ ಉತ್ತರ ಕೊಟ್ಟವನು ಹಾಲೆಂಡಿನ ಡೆಲ್ಫ್ಟ್ ಊರಿನ ಮಾರ್ಟಿನಸ್ ಬೈಜರಿಂಕ್. ಈ ಹೆಸರು ನಮ್ಮ ರೈತರಿಗೆ ಗೊತ್ತಿಲ್ಲ, ಆದರೆ ಅವನ ಕೆಲಸ ಗೊತ್ತು. ತೊಗರಿ ಬಿತ್ತುವ ಮುಂಚೆ ಬೀಜಕ್ಕೆ ರೈಜೋಬಿಯಂ ಪುಡಿ ಹಚ್ಚುತ್ತೀರಲ್ಲ, ಆ ಜೀವಾಣುವನ್ನು ಬೇರಿನ ಗಂಟಿನಿಂದ 1888ರಲ್ಲಿ ಮೊದಲು ಬೇರ್ಪಡಿಸಿ ಬೆಳೆಸಿದವನು ಇವನೇ. ಹಾಲೆಂಡು ತಗ್ಗು ದೇಶ. ಊರಿನ ತುಂಬ ಕಾಲುವೆ, ಕಾಲುವೆಯ ತುಂಬ ರಾಡಿ. ಆ ರಾಡಿಯಿಂದ ಅವನು ಸುರುಳಿಯಾಕಾರದ ಒಂದು ಜೀವಾಣುವನ್ನು ಹಿಡಿದು, ಗಾಳಿ ತಾಗದ ಶೀಶೆಯಲ್ಲಿ ಬೆಳೆಸಿ, ಇದೇ ಸಲ್ಫೇಟನ್ನು ಸಲ್ಫೈಡ್ ಮಾಡುವುದು ಎಂದು ತೋರಿಸಿದ. ಅದಕ್ಕೆ ಸ್ಪಿರಿಲ್ಲಮ್ ಡಿಸಲ್ಫ್ಯೂರಿಕಾನ್ಸ್ ಎಂದು ಹೆಸರಿಟ್ಟ. ಈಗ ಅದರ ಹೆಸರು ಡಿಸಲ್ಫೋವಿಬ್ರಿಯೋ.

ಅವನು ಕಂಡದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ನಾವು ರೊಟ್ಟಿ ತಿಂದು, ಉಸಿರಾಡಿ ಬದುಕುತ್ತೇವೆ. ರೊಟ್ಟಿಯಿಂದ ತೆಗೆದ ಎಲೆಕ್ಟ್ರಾನುಗಳನ್ನು ಕೊನೆಗೆ ಯಾರಿಗಾದರೂ ದಾಟಿಸಬೇಕು. ನಮ್ಮ ದೇಹ ಗಾಳಿಯ ಆಮ್ಲಜನಕಕ್ಕೆ ದಾಟಿಸುತ್ತದೆ, ಅಲ್ಲಿ ನೀರು ಆಗುತ್ತದೆ. ರಾಡಿಯ ತಳದಲ್ಲಿ ಆಮ್ಲಜನಕ ಇಲ್ಲ. ಅಲ್ಲಿರುವ ಈ ಜೀವಾಣು ಸಲ್ಫೇಟಿಗೆ ದಾಟಿಸುತ್ತದೆ, ಅಲ್ಲಿ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಅಂದರೆ ಆ ಕೆಟ್ಟ ವಾಸನೆ ಅದು ಬಿಡುವ ಉಸಿರು. ಒಂದು ಸಲ್ಫೇಟ್ ಕಣ ಸಲ್ಫೈಡ್ ಆಗಲು ಎಂಟು ಎಲೆಕ್ಟ್ರಾನ್ ಬೇಕು. ಈ ಎಂಟರ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸಲ್ಫೇಟ್ ಎಲ್ಲಿಂದ ಬರುತ್ತದೆ ಎಂದು ಕೇಳಬಹುದು. ಅದಕ್ಕೆ ಬರವಿಲ್ಲ. ಬಟ್ಟೆ ತೊಳೆಯುವ ಸೋಪಿನ ಪುಡಿಯಲ್ಲಿ ತೂಕಕ್ಕೆಂದು ಬೆರೆಸುವುದು ಬಹುಪಾಲು ಸೋಡಿಯಂ ಸಲ್ಫೇಟ್. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲಿ ಜಿಪ್ಸಮ್ ಇರುತ್ತದೆ, ಅದು ಕ್ಯಾಲ್ಸಿಯಂ ಸಲ್ಫೇಟ್. ನಮ್ಮ ಮೂತ್ರದಲ್ಲೂ ಇದೆ. ಸಮುದ್ರದ ನೀರಿನಲ್ಲಂತೂ ಲೀಟರಿಗೆ ಸುಮಾರು 2.7 ಗ್ರಾಂ ಇದೆ.

ಉಸಿರಿನ ಲೆಕ್ಕ ಆಯಿತು. ಊಟ? ಇಲ್ಲಿಂದ ಕಥೆ ಸ್ವಲ್ಪ ಉದ್ದ.

ಬೈಜರಿಂಕ್‌ನ ಶಿಷ್ಯ ವಾನ್ ಡೆಲ್ಡನ್ 1903ರ ಸುಮಾರಿಗೆ ಈ ಜೀವಾಣುವಿಗೆ ಒಂದು ಊಟದ ಪಟ್ಟಿ ಮಾಡಿದ. ಲೀಟರ್ ನೀರಿಗೆ 5 ಗ್ರಾಂ ಸೋಡಿಯಂ ಲ್ಯಾಕ್ಟೇಟ್, 1 ಗ್ರಾಂ ಆಸ್ಪರಾಜಿನ್, ಸ್ವಲ್ಪ ಮೆಗ್ನೀಷಿಯಂ ಸಲ್ಫೇಟ್, ಚಿಟಿಕೆ ಕಬ್ಬಿಣದ ಉಪ್ಪು. ಲ್ಯಾಕ್ಟೇಟ್ ಅಂದರೆ ಮೊಸರಿಗೆ ಹುಳಿ ಕೊಡುವ ಆಮ್ಲದ ಉಪ್ಪು. ಆಸ್ಪರಾಜಿನ್ ಒಂದು ಅಮೈನೋ ಆಮ್ಲ. ಈ ಪಟ್ಟಿಯನ್ನು ದಶಕಗಟ್ಟಲೆ ಎಲ್ಲರೂ ಅನುಸರಿಸಿದರು. ಅನುಸರಿಸಿದವರ ತಲೆಯಲ್ಲಿ ಒಂದು ನಂಬಿಕೆ ಕೂತಿತು: ಲ್ಯಾಕ್ಟೇಟ್ ಊಟ, ಅಮೈನೋ ಆಮ್ಲ ಬರೀ ಮಗ್ಗುಲಿನ ಉಪ್ಪಿನಕಾಯಿ, ಸಾರಜನಕಕ್ಕಾಗಿ ಹಾಕುವುದು. ಅಮೈನೋ ಆಮ್ಲವನ್ನೇ ಊಟ ಮಾಡಿ ಬೆಳೆಯುವ ಜೀವಾಣು ಇರಬಹುದು ಎಂಬ ಪ್ರಶ್ನೆ ಬಹಳ ವರ್ಷ ಹಿಂದೆ ಬಿತ್ತು.

ಅಮೈನೋ ಆಮ್ಲ ಎಂದರೇನು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇವೆ. ತೊಗರಿ ಬೇಳೆ, ಹಾಲು, ತತ್ತಿ, ಮಾಂಸ, ಕೂದಲು, ಚರ್ಮ, ಎಲ್ಲದರಲ್ಲೂ ಇರುವುದು ಪ್ರೋಟೀನು. ಪ್ರೋಟೀನು ಮಣಿಸರ ಇದ್ದ ಹಾಗೆ. ಅದರ ಮಣಿಗಳೇ ಅಮೈನೋ ಆಮ್ಲಗಳು, ಮುಖ್ಯವಾಗಿ 20 ಬಗೆ. ಮಣಿಗಳ ಜೋಡಣೆ ಬದಲಾದರೆ ಬೇಳೆಯ ಪ್ರೋಟೀನು ಬೇರೆ, ಕೂದಲಿನದು ಬೇರೆ. ಗಟಾರಕ್ಕೆ ಬೀಳುವ ಅನ್ನ ಸಾರಿನ ತೊಳಪು, ಹಾಲಿನ ಪಾತ್ರೆಯ ನೀರು, ಕೋಳಿ ಅಂಗಡಿಯ ರಕ್ತ, ಸಂಡಾಸಿನ ಮಲ, ಎಲ್ಲವೂ ಮಣಿಸರಗಳ ರಾಶಿ. ನಮ್ಮ ಜೀವಾಣುಗಳು ಸರ ಹರಿಯುವುದರಲ್ಲಿ ಜಾಣರಲ್ಲ. ಆ ಕೆಲಸಕ್ಕೆ ಕ್ಲಾಸ್ಟ್ರಿಡಿಯಂನಂಥ ಬೇರೆ ಜೀವಾಣುಗಳು ಇವೆ. ಅವು ಸರ ಹರಿದು ಮಣಿ ಚೆಲ್ಲಿದರೆ ಇವು ಆರಿಸಿಕೊಳ್ಳುತ್ತವೆ.

ಆ ಹರಿಯುವವರ ಬಗ್ಗೆ ಕೆಲಸ ಮಾಡಿದವನು ಇಂಗ್ಲೆಂಡಿನ ಕೇಂಬ್ರಿಜ್‌ನ ಸ್ಟಿಕ್‌ಲ್ಯಾಂಡ್. 1934ರಲ್ಲಿ ಅವನು ತೋರಿಸಿದ್ದು: ಕ್ಲಾಸ್ಟ್ರಿಡಿಯಂ ಅಮೈನೋ ಆಮ್ಲಗಳನ್ನು ಜೋಡಿಯಾಗಿ ತಿನ್ನುತ್ತದೆ. ಒಂದು ಮಣಿ ಎಲೆಕ್ಟ್ರಾನ್ ಕೊಡುತ್ತದೆ, ಇನ್ನೊಂದು ಮಣಿ ತೆಗೆದುಕೊಳ್ಳುತ್ತದೆ. ಗಾಳಿಯೂ ಬೇಡ, ಸಲ್ಫೇಟೂ ಬೇಡ. ಸ್ಟಿಕ್‌ಲ್ಯಾಂಡ್ ಅದಕ್ಕೂ ಮುಂಚೆ 1931ರಲ್ಲಿ ಮಾರ್ಜರಿ ಸ್ಟೀಫನ್‌ಸನ್ ಎಂಬ ವಿಜ್ಞಾನಿಯ ಜೊತೆ ಸೇರಿ, ಜೀವಾಣುಗಳು ಹೈಡ್ರೋಜನ್ ಅನಿಲವನ್ನೇ ಬಳಸಿ ಸಲ್ಫೇಟನ್ನು ಸಲ್ಫೈಡ್ ಮಾಡುವುದನ್ನು ಕಂಡಿದ್ದ. ಅವರಿಬ್ಬರ ಕೆಲಸ ಶುರುವಾದದ್ದು ಔಸ್ ಎಂಬ ನದಿಯಿಂದ. ಆ ನದಿಗೆ ಬೀಟ್ ಸಕ್ಕರೆ ಕಾರ್ಖಾನೆಯ ಹೊಲಸು ನೀರು ಸೇರುತ್ತಿತ್ತು. ಕಬ್ಬಿನ ಜಿಲ್ಲೆಯಲ್ಲಿ ಕೂತು ಇದನ್ನು ಓದುವವರಿಗೆ ವಿವರಣೆ ಬೇಡ. ಸ್ಟೀಫನ್‌ಸನ್ ಮುಂದೆ 1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಇಬ್ಬರು ಮಹಿಳೆಯರಲ್ಲಿ ಒಬ್ಬರಾದರು.

ಅದೇ 1934ರಲ್ಲಿ ಹಾಲೆಂಡಿನಲ್ಲಿ ವಾನ್ ವೋಲ್ಝೋಗೆನ್ ಕ್ಯೂರ್ ಮತ್ತು ವಾನ್ ಡರ್ ಫ್ಲುಗ್ಟ್ ಎಂಬಿಬ್ಬರು, ನೆಲದಡಿಯ ಕಬ್ಬಿಣದ ನೀರಿನ ಕೊಳವೆಗಳು ಗಾಳಿ ಇಲ್ಲದ ಜಾಗದಲ್ಲೂ ತಿಂದುಹೋಗುವುದಕ್ಕೆ ಇದೇ ಜೀವಾಣು ಕಾರಣ ಎಂದರು. ಬೋರಿನ ಕೇಸಿಂಗ್ ಪೈಪು ಎಳೆದಾಗ ಕಪ್ಪು ಸಿಪ್ಪೆ ಸುಲಿದು ಬಂದು, ಒಳಗೆ ತೂತು ಕಂಡರೆ ಇವರ ಗುಮಾನಿ ಬರಬೇಕು.

ಈಗ ನಮ್ಮ ನಾಡಿನ ಮಾತು. ಈ ಇತಿಹಾಸ ಬರೆಯುವವರು ಹಾಲೆಂಡು, ಇಂಗ್ಲೆಂಡು, ಜರ್ಮನಿ ಎಂದು ಬರೆದು ಮುಗಿಸುತ್ತಾರೆ. ಬೆಂಗಳೂರು ಅದರಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು. ನಮಗೆ ಅದು ಸರಿ ಕಾಣುವುದಿಲ್ಲ.

ಎರಡನೇ ಮಹಾಯುದ್ಧದ ಕಾಲ. ಗಂಧಕ ಇಲ್ಲದೆ ಗಂಧಕಾಮ್ಲ ಇಲ್ಲ, ಗಂಧಕಾಮ್ಲ ಇಲ್ಲದೆ ಗೊಬ್ಬರ, ಮದ್ದುಗುಂಡು, ಬ್ಯಾಟರಿ ಇಲ್ಲ. ಸಕ್ಕರೆ ಕಾರ್ಖಾನೆಗೂ ಗಂಧಕ ಬೇಕು. ಕಬ್ಬಿನ ಹಾಲು ಬೆಳ್ಳಗಾಗುವುದು ಗಂಧಕ ಸುಟ್ಟ ಹೊಗೆ ಹಾಯಿಸಿ. ಇವತ್ತಿಗೂ ನಮ್ಮ ದೇಶದ ಬಹುಪಾಲು ಬಿಳಿ ಸಕ್ಕರೆ ಆ ರೀತಿಯದೇ. ಇಂಡಿಯಾದಲ್ಲಿ ಗಂಧಕದ ಗಣಿ ಇಲ್ಲದಂತೆಯೇ. ಹೊರಗಿನಿಂದ ಬರುತ್ತಿದ್ದ ಗಂಧಕಕ್ಕೆ ಯುದ್ಧ ಅಡ್ಡ ಬಂತು. ಬಲೂಚಿಸ್ತಾನದ ಕೋಹ್-ಇ-ಸುಲ್ತಾನ್ ಬೆಟ್ಟದಲ್ಲಿ ಅಗೆದು ತೆಗೆಯಬೇಕಾಯಿತು. ಆಗ ಕಣ್ಣು ಬಿದ್ದದ್ದು ಮಚಲಿಪಟ್ಟಣದ ಕಡಲತೀರದ ಮೇಲೆ. ಗೋಲ್ಕೊಂಡದ ಸುಲ್ತಾನರ ಕಾಲದಲ್ಲಿ ದಖ್ಖನಿನ ಸರಕು ಹಡಗು ಹತ್ತುತ್ತಿದ್ದ ಬಂದರು ಅದು. ಅಲ್ಲಿನ ಉಪ್ಪುನೀರಿನ ಕೆಸರಿನಲ್ಲಿ ಗಂಧಕ ಇತ್ತು. ಹತ್ತಿರ ಜ್ವಾಲಾಮುಖಿ ಇಲ್ಲ, ಬಿಸಿನೀರಿನ ಬುಗ್ಗೆ ಇಲ್ಲ. ಮತ್ತೆ ಗಂಧಕ ಬಂದದ್ದು ಹೇಗೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಕಡೆ, ಎಂ. ಶ್ರೀನಿವಾಸಯ್ಯ ಎಂಬ ಜೀವರಸಾಯನ ವಿಜ್ಞಾನಿ ಇದ್ದರು. ಅವರೂ ಕೆ. ಕೆ. ಅಯ್ಯ ಎಂಬವರೂ ಸೇರಿ ಮಚಲಿಪಟ್ಟಣದ ಗಂಧಕದ ಜೊತೆಗಿರುವ ಜೀವಾಣುಗಳನ್ನು ಪರೀಕ್ಷಿಸಿ, 1944 ಮತ್ತು 1945ರಲ್ಲಿ ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಇಂಥ ಜಾಗದಲ್ಲಿ ನಡೆಯುವುದು ಎರಡು ಪಾಳಿಯ ಕೆಲಸ. ಕೆಸರಿನ ತಳದಲ್ಲಿ ಒಂದು ಗುಂಪು ಸತ್ತ ಮೀನು, ಪಾಚಿ, ಎಲೆಯ ಕೊಳೆತದಿಂದ ಊಟ ತೆಗೆದು ಸಮುದ್ರದ ಸಲ್ಫೇಟನ್ನು ಸಲ್ಫೈಡ್ ಮಾಡುತ್ತದೆ. ಮೇಲೆ, ಗಾಳಿ ಅಥವಾ ಬೆಳಕು ಸಿಗುವ ಕಡೆ, ಇನ್ನೊಂದು ಗುಂಪು ಆ ಸಲ್ಫೈಡನ್ನು ಹಿಡಿದು ಹಳದಿ ಗಂಧಕ ಮಾಡುತ್ತದೆ. ಈ ಎರಡನೇ ಗುಂಪನ್ನು ರಷ್ಯಾದ ವಿನೊಗ್ರಾಡ್ಸ್ಕಿ 1887ರಲ್ಲೇ ಕಂಡಿದ್ದ. ಹೊಲಸಿನಿಂದ ಗಂಧಕ ಬರುತ್ತದೆ ಎಂಬುದು ಬೆಂಗಳೂರಿನವರಿಗೆ ಯುದ್ಧಕಾಲದ ಹಸಿವಿನಿಂದ ಎದ್ದ ಪ್ರಶ್ನೆ, ತಮಾಷೆಯ ವಿಷಯವಲ್ಲ.

ಇಂಗ್ಲೆಂಡಿಗೆ ಅದೇ ಹಸಿವು ಐದಾರು ವರ್ಷ ತಡವಾಗಿ ಬಂತು. ಕೊರಿಯಾ ಯುದ್ಧದ ಹೊತ್ತಿಗೆ ಅಮೆರಿಕದ ಗಂಧಕ ಸಾಕಾಗಲಿಲ್ಲ. ಕೆನೆತ್ ಬಟ್ಲಿನ್ ಮತ್ತು ಜಾನ್ ಪೋಸ್ಟ್‌ಗೇಟ್ ಎಂಬಿಬ್ಬರು 1950ರಲ್ಲಿ ಲಿಬಿಯಾದ ಮರುಭೂಮಿಯ ಕೆರೆಗಳಿಗೆ ಹೋದರು. ಅಲ್ಲಿ ಜೀವಾಣುಗಳೇ ಮಾಡಿದ ಗಂಧಕವನ್ನು ಸ್ಥಳೀಯರು ಬಾಚಿ ಮಾರುತ್ತಿದ್ದರು. ವಾಪಸ್ ಬಂದು ಬಟ್ಲಿನ್ ತಂಡದವರು ನಗರದ ಚರಂಡಿ ಹೊಲಸಿಗೆ ಸಲ್ಫೇಟ್ ಬೆರೆಸಿ ದೊಡ್ಡ ಪ್ರಮಾಣದಲ್ಲಿ ಸಲ್ಫೈಡ್ ತೆಗೆಯುವ ಪ್ರಯೋಗ ಮಾಡಿದರು. ಕೆಲಸ ಮಾಡಿತು. ಅಷ್ಟರಲ್ಲಿ ಅಗ್ಗದ ಗಂಧಕ ಮತ್ತೆ ಮಾರುಕಟ್ಟೆಗೆ ಬಂತು, ಯೋಜನೆ ಮೂಲೆಗೆ ಸೇರಿತು. ಈಗಂತೂ ಪೆಟ್ರೋಲ್ ಶುದ್ಧ ಮಾಡುವಾಗ ಬೇಡವೆಂದರೂ ರಾಶಿ ಗಂಧಕ ಸಿಗುತ್ತದೆ, ರಾಡಿಯನ್ನು ಯಾರು ಕೇಳುತ್ತಾರೆ?

ಪೋಸ್ಟ್‌ಗೇಟ್ ಹೆಸರು ಇನ್ನೊಂದು ಕಾರಣಕ್ಕೆ ಮುಖ್ಯ. ಗಾಳಿ ಇಲ್ಲದೆ ಬದುಕುವ ಜೀವಾಣುಗಳಲ್ಲಿ ಸೈಟೋಕ್ರೋಮ್ ಎಂಬ ವಸ್ತು ಇರುವುದಿಲ್ಲ ಎಂದು ಆಗಿನ ಪಾಠ. ಸೈಟೋಕ್ರೋಮ್ ಅಂದರೆ ಎಲೆಕ್ಟ್ರಾನನ್ನು ಕೈಯಿಂದ ಕೈಗೆ ದಾಟಿಸುವ, ಕಬ್ಬಿಣ ಇರುವ ಕೆಂಪು ಪ್ರೋಟೀನು. ನಮ್ಮ ಉಸಿರಾಟಕ್ಕೂ ಅದೇ ಆಧಾರ. 1954ರ ಹೊತ್ತಿಗೆ ಪೋಸ್ಟ್‌ಗೇಟ್ ಇಂಗ್ಲೆಂಡಿನಲ್ಲಿ, ಇಶಿಮೊಟೊ ಮತ್ತು ಜೊತೆಗಾರರು ಜಪಾನಿನಲ್ಲಿ, ಡಿಸಲ್ಫೋವಿಬ್ರಿಯೋದಲ್ಲಿ ಸೈಟೋಕ್ರೋಮ್ ಇದೆ ಎಂದು ಬೇರೆ ಬೇರೆಯಾಗಿ ತೋರಿಸಿದರು. ಅಂದರೆ ರಾಡಿಯ ಜೀವಾಣು ಮಾಡುವುದು ನಿಜವಾದ ಅರ್ಥದಲ್ಲಿ ಉಸಿರಾಟವೇ. ಮನುಷ್ಯನ ಸೈಟೋಕ್ರೋಮ್ ಮತ್ತು ಗಟಾರದ ಅನಿಲ ಮುಂದೆ ಒಂದು ಗುಂಡಿಯಲ್ಲಿ ಎದುರಾಗುತ್ತವೆ, ಆ ಮಾತು ಆಮೇಲೆ.

ಅಮೈನೋ ಆಮ್ಲದ ಪ್ರಶ್ನೆ ಮತ್ತೆ ತಲೆ ಎತ್ತಿದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ. 1954ರಲ್ಲಿ ಫ್ರಾನ್ಸಿನ ಸೆನೆಜ್ ಮತ್ತು ಲರೂ-ಜಿಲರೋ ಎಂಬವರು, ಈ ಜೀವಾಣುಗಳು ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಗಾಳಿಯಿಲ್ಲದೆ ಒಡೆಯುತ್ತವೆ ಎಂದು ಬರೆದರು. ಸಿಸ್ಟೀನ್‌ನ ಒಳಗೇ ಗಂಧಕ ಇದೆ. ಕೂದಲು, ಉಣ್ಣೆ, ಗೊರಸು, ಗರಿಯಲ್ಲಿ ಅದು ಬಹಳ. ಕೂದಲು ಸುಟ್ಟರೆ ಆ ವಾಸನೆ ಯಾಕೆ ಬರುತ್ತದೆ ಎಂಬುದಕ್ಕೂ ಇದೇ ಉತ್ತರ. ತತ್ತಿ ಕೊಳೆತಾಗ ಬರುವುದೂ ಮುಖ್ಯವಾಗಿ ಇದರ ಗಂಧಕವೇ, ಅದಕ್ಕೆ ಸಲ್ಫೇಟೇ ಬೇಕೆಂದಿಲ್ಲ. ಹೀಗಾಗಿ ಗಟಾರದ ವಾಸನೆಗೆ ಎರಡು ಬಾಗಿಲು: ಒಂದು ಸಲ್ಫೇಟಿನಿಂದ, ಒಂದು ಪ್ರೋಟೀನಿನ ಒಳಗಿನ ಗಂಧಕದಿಂದ.

1960ರಲ್ಲಿ ಕೋಲ್‌ಮನ್ ಎಂಬಾತ ಕುರಿಯ ಹೊಟ್ಟೆಯಿಂದಲೇ ಸಲ್ಫೇಟ್ ಉಸಿರಾಡುವ ಒಂದು ಜೀವಾಣುವನ್ನು ಹೊರತೆಗೆದ. ನಮ್ಮ ಕುರುಬರ ಹಟ್ಟಿಯ ಪ್ರತಿ ಕುರಿಯೂ ಒಂದು ಸಣ್ಣ ಗಟಾರ ಹೊತ್ತು ತಿರುಗುತ್ತದೆ ಎಂದಾಯಿತು. ಮನುಷ್ಯರ ಕರುಳೂ ಇದಕ್ಕೆ ಹೊರತಲ್ಲ.

ಅದರ ನಂತರ ಜರ್ಮನಿಯಲ್ಲಿ ಫ್ರೀಡ್ರಿಶ್ ವಿಡೆಲ್ ಮತ್ತು ನಾರ್ಬರ್ಟ್ ಫೆನಿಗ್ 1970ರ ದಶಕದ ಕೊನೆಯಿಂದ ಈ ಜೀವಾಣುಗಳ ಊಟದ ಪಟ್ಟಿಯನ್ನು ಹಿಗ್ಗಿಸಿದರು. ಲ್ಯಾಕ್ಟೇಟ್ ಮಾತ್ರವಲ್ಲ, ವಿನೆಗರಿನ ಆಮ್ಲ, ಕೊಬ್ಬಿನ ಆಮ್ಲ, ಏನೆಲ್ಲ ತಿನ್ನುವ ಬಗೆಗಳು ಸಿಕ್ಕವು. ಹಳೆಯ ನಂಬಿಕೆ ಸಡಿಲವಾಯಿತು. 1985ರಲ್ಲಿ ಸ್ಟಾಮ್ಸ್, ಹಾನ್ಸೆನ್, ಸ್ಕೈರಿಂಗ್ ಎಂಬ ಮೂವರು, ಸಮುದ್ರದ ಎರಡು ಡಿಸಲ್ಫೋವಿಬ್ರಿಯೋ ತಳಿಗಳು ಅಮೈನೋ ಆಮ್ಲಗಳನ್ನೇ ಶಕ್ತಿಗಾಗಿ ತಿಂದು ಬೆಳೆಯುತ್ತವೆ ಎಂದು ತೋರಿಸಿದರು. ಉಪ್ಪಿನಕಾಯಿ ಎಂದುಕೊಂಡದ್ದು ಊಟವೇ ಆಗಿತ್ತು.

ಹೇಗೆ ತಿನ್ನುತ್ತದೆ ಎಂಬುದನ್ನು ಅಲನಿನ್ ಎಂಬ ಮಣಿಯಿಂದ ನೋಡೋಣ. ಜೀವಾಣು ಮೊದಲು ಮಣಿಯ ಸಾರಜನಕದ ಭಾಗ ಕಿತ್ತು ಹಾಕುತ್ತದೆ. ಅದು ಅಮೋನಿಯಾ ಆಗಿ ಹೊರಗೆ ಬೀಳುತ್ತದೆ. ಕೊಟ್ಟಿಗೆಯ ಗಂಜಲದ ಮೂಲೆಯಲ್ಲಿ ಕಣ್ಣು ಉರಿಸುವ ವಾಸನೆ ಇರುತ್ತದಲ್ಲ, ಅದು. ಉಳಿದದ್ದು ಪೈರುವೇಟ್. ಮೊಸರಿನ ಲ್ಯಾಕ್ಟೇಟ್ ತಿಂದಾಗಲೂ ಜೀವಾಣು ಇದೇ ಪೈರುವೇಟಿಗೆ ಬರುತ್ತದೆ. ಅಂದರೆ ಹೊಸ ಒಲೆ ಕಟ್ಟಬೇಕಿಲ್ಲ, ಹಳೆ ಒಲೆಗೆ ಹೊಸ ಕಟ್ಟಿಗೆ. ಪೈರುವೇಟ್ ಒಡೆದು ಅಸಿಟೇಟ್ ಆಗುತ್ತದೆ, ಸ್ವಲ್ಪ ಇಂಗಾಲದ ಡೈಆಕ್ಸೈಡ್ ಹೋಗುತ್ತದೆ, ಜೀವಾಣುವಿಗೆ ಬೇಕಾದ ಶಕ್ತಿ ಸಿಗುತ್ತದೆ. ಇಷ್ಟರಲ್ಲಿ ಒಂದು ಅಲನಿನ್‌ನಿಂದ ನಾಲ್ಕು ಎಲೆಕ್ಟ್ರಾನ್ ಹೊರಬರುತ್ತವೆ. ಸಲ್ಫೇಟಿಗೆ ಬೇಕಾದದ್ದು ಎಂಟು. ಹಾಗಾಗಿ ಎರಡು ಅಲನಿನ್ ತಿಂದರೆ ಒಂದು ಹೈಡ್ರೋಜನ್ ಸಲ್ಫೈಡ್. ಸೆರಿನ್ ಎಂಬ ಮಣಿ ಆದರೆ ಅದು ಪೈರುವೇಟ್ ಆಗುವಾಗ ಎಲೆಕ್ಟ್ರಾನ್ ಬಿಡುವುದಿಲ್ಲ, ಆಮೇಲೆ ಎರಡೇ ಸಿಗುತ್ತವೆ. ನಾಲ್ಕು ಸೆರಿನ್ ಬೇಕು ಒಂದು ಸಲ್ಫೈಡಿಗೆ. ಕಿರಾಣಿ ಅಂಗಡಿಯ ಲೆಕ್ಕದಷ್ಟೇ ಸರಳ, ಆದರೆ ಇದು ಕೈಗೆ ಸಿಗಲು ಬೈಜರಿಂಕ್‌ನಿಂದ 90 ವರ್ಷ ಹಿಡಿಯಿತು.

1998ರಲ್ಲಿ ಕೊಲಂಬಿಯಾ ದೇಶದ ಒಂದು ಹಾಲಿನ ಡೇರಿಯ ಹೊಲಸು ನೀರಿನ ಹೊಂಡದಿಂದ ಒಂದು ಹೊಸ ಬಗೆ ಸಿಕ್ಕಿತು. ಅದಕ್ಕೆ ಇಟ್ಟ ಹೆಸರೇ ಡಿಸಲ್ಫೋವಿಬ್ರಿಯೋ ಅಮಿನೋಫಿಲಸ್, 'ಅಮೈನೋ ಪ್ರಿಯ' ಎಂದು ಅರ್ಥ. ಹಾಲಿನ ಪ್ರೋಟೀನು ಕೊಳೆಯುವ ಕಡೆ ಅದು ಸಿಕ್ಕದ್ದು ಆಶ್ಚರ್ಯವಲ್ಲ. ಅದೇ ವರ್ಷ ಡಿಸಲ್ಫೋಬ್ಯಾಕ್ಟೀರಿಯಂ ಎಂಬ ಇನ್ನೊಂದು ಬಗೆ ಲ್ಯೂಸಿನ್, ವ್ಯಾಲಿನ್, ಪ್ರೋಲಿನ್, ಗ್ಲುಟಮೇಟ್‌ಗಳಂಥ ಮಣಿಗಳನ್ನು ಒಡೆಯುತ್ತದೆ ಎಂಬ ವರದಿಯೂ ಬಂತು.

ಇಲ್ಲಿ ನಮಗೆ ಕಲ್ಯಾಣದ ಹರಳಯ್ಯ ನೆನಪಾಗದೆ ಇರುವುದಿಲ್ಲ. ಬಸವಕಲ್ಯಾಣದಲ್ಲಿ ಅವರ ಹೆಸರಿನ ಗವಿ ಇದೆ. ಚರ್ಮ ಹದ ಮಾಡುವ ಗುಂಡಿಯ ಮುಂದೆ ಕೂತು ದುಡಿದ ಕುಲದವರು ಅವರು. ಚರ್ಮ ಅಂದರೆ ಕೊಲಾಜನ್ ಎಂಬ ಪ್ರೋಟೀನು. ಅದರ ಮೂರು ಮಣಿಗಳಲ್ಲಿ ಒಂದು ಗ್ಲೈಸಿನ್. ಚರ್ಮದ ಮೇಲಿನ ಕೂದಲಲ್ಲಿ ಸಿಸ್ಟೀನ್. ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಕೆರೆದು, ಆವರಿಕೆ ಚಕ್ಕೆಯಲ್ಲಿ ಹದ ಮಾಡುವಷ್ಟರಲ್ಲಿ ಒಂದಿಷ್ಟು ಪ್ರೋಟೀನು ಗುಂಡಿಯ ನೀರಿಗೆ ಇಳಿದಿರುತ್ತದೆ. ಆ ಗುಂಡಿಯ ನಾತವನ್ನು ಮನುಷ್ಯರ ಜಾತಿಗೆ ಅಂಟಿಸಿದರು. ಜೀವಾಣುವಿಗೆ ಜಾತಿ ಗೊತ್ತಿಲ್ಲ, ಮೇಲ್ಜಾತಿ ಮನೆಯ ಸಂಡಾಸದ ಗುಂಡಿಯಲ್ಲೂ ಅದು ಅದೇ ಅನಿಲ ಮಾಡುತ್ತದೆ. ಆದರೆ ಆ ಗುಂಡಿಗೆ ಇಳಿಯಲು ಇವತ್ತಿಗೂ ಯಾರನ್ನು ಕರೆಯುತ್ತಾರೆ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು.

ಮನುಷ್ಯನ ದೇಹದ ಪ್ರತಿ ಜೀವಕೋಶದಲ್ಲಿ ಆಮ್ಲಜನಕವನ್ನು ಕೊನೆಗೆ ಹಿಡಿಯುವುದು ಸೈಟೋಕ್ರೋಮ್ ಆಕ್ಸಿಡೇಸ್. ಹೈಡ್ರೋಜನ್ ಸಲ್ಫೈಡ್ ಹೋಗಿ ಅದನ್ನೇ ಹಿಡಿದುಕೊಳ್ಳುತ್ತದೆ. ಎದೆ ತುಂಬ ಗಾಳಿ ಇದ್ದರೂ ಜೀವಕೋಶಕ್ಕೆ ಅದನ್ನು ಬಳಸಲು ಆಗುವುದಿಲ್ಲ. ಈ ಅನಿಲ ಗಾಳಿಗಿಂತ ಸುಮಾರು 1.2 ಪಟ್ಟು ಭಾರ, ಗುಂಡಿಯ ತಳದಲ್ಲಿ ಕೂರುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಆದರೆ 100 ಭಾಗದ ಸುಮಾರಿಗೆ ಮೂಗೇ ಸತ್ತುಹೋಗುತ್ತದೆ, ವಾಸನೆ ತಿಳಿಯುವುದಿಲ್ಲ. 'ಈಗ ವಾಸನೆ ಹೋಯಿತು, ಇಳಿಯಿರಿ' ಎನ್ನುವ ಮಾತಿಗಿಂತ ಕೆಟ್ಟ ಮಾತು ಇಲ್ಲ. 500 ದಾಟಿದರೆ ಮನುಷ್ಯ ಕುಸಿಯುತ್ತಾನೆ. 1000ಕ್ಕೆ ಒಂದೆರಡು ಉಸಿರಿನಲ್ಲೇ ಮುಗಿಯಬಹುದು.

ನಮ್ಮ ಕಡೆ ಹಗೇವು ತೆರೆಯುವಾಗ, ಹಾಳು ಬಾವಿಗೆ ಇಳಿಯುವಾಗ ಹಿರಿಯರು ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯಬೇಡ. ಜೋಳದ ಹಗೇವಿಗೆ ಆ ಬುದ್ಧಿ ತಕ್ಕಮಟ್ಟಿಗೆ ಸರಿ. ಅಲ್ಲಿ ಆಪತ್ತು ಇಂಗಾಲದ ಡೈಆಕ್ಸೈಡ್ ತುಂಬಿ ಆಮ್ಲಜನಕ ಕಡಿಮೆ ಆಗುವುದರಿಂದ. ಸಂಡಾಸದ ಗುಂಡಿಗೆ ಈ ಲೆಕ್ಕ ನಡೆಯುವುದಿಲ್ಲ. 1000 ಭಾಗ ಎಂದರೆ ನೂರಕ್ಕೆ 0.1 ಮಾತ್ರ, ಅಷ್ಟಕ್ಕೆ ದೀಪ ಆರುವುದೇ ಇಲ್ಲ, ಮನುಷ್ಯ ಆರುತ್ತಾನೆ. ಮೇಲಾಗಿ ಅಲ್ಲಿ ಮೀಥೇನ್ ಇರುತ್ತದೆ, ಗೋಬರ್ ಗ್ಯಾಸಿನದೇ ಅನಿಲ. ಬೆಂಕಿ ಇಳಿಸಿದರೆ ಸ್ಫೋಟ.

ಇನ್ನೊಂದು ವಿಷಯ. ಗುಂಡಿಗೆ ಇಳಿದವನು ಕೆಲವೊಮ್ಮೆ ಮೊದಲು ಚೆನ್ನಾಗಿಯೇ ಇರುತ್ತಾನೆ. ಸಲಿಕೆ ಹಾಕಿ ರಾಡಿ ಕಲಕಿದಾಗ ಒಳಗೆ ಸಿಕ್ಕಿಹಾಕಿಕೊಂಡಿದ್ದ ಅನಿಲ ಒಮ್ಮೆಲೇ ಏಳುತ್ತದೆ. ಅವನು ಬಿದ್ದ ಎಂದು ತಮ್ಮ ಇಳಿಯುತ್ತಾನೆ, ತಮ್ಮ ಬಿದ್ದ ಎಂದು ಪಕ್ಕದ ಮನೆಯವ. ಒಂದೇ ಗುಂಡಿಯಲ್ಲಿ ಮೂರು ಹೆಣ ಎಂಬ ಸುದ್ದಿ ಬರುವುದು ಹೀಗೆ. ಬಿದ್ದವನನ್ನು ಎತ್ತಲು ಹಿಂದೆ ಇಳಿಯಬೇಡಿ, ಹಗ್ಗ ಬಿಡಿ, 112ಕ್ಕೆ ಫೋನ್ ಮಾಡಿ. ಮತ್ತು ಸಂಡಾಸ ತೊಳೆಯುವ ಆಸಿಡ್ ಬಾಟಲಿಯನ್ನು ಗುಂಡಿಗೆ ಸುರಿಯಬೇಡಿ. ಕಪ್ಪು ರಾಡಿಯ ಐರನ್ ಸಲ್ಫೈಡಿಗೆ ಆಸಿಡ್ ತಾಗಿದರೆ ಕಟ್ಟಿಹಾಕಿದ್ದ ಅನಿಲವೆಲ್ಲ ಬಿಡುಗಡೆ ಆಗುತ್ತದೆ.

ಈ ಸಾವುಗಳ ವಿರುದ್ಧ ದೇಶದಲ್ಲಿ ದೊಡ್ಡದಾಗಿ ಕೂಗಿದ ಬೆಜವಾಡ ವಿಲ್ಸನ್ ನಮ್ಮ ರಾಜ್ಯದ ಕೋಲಾರದ ಚಿನ್ನದ ಗಣಿಯ ಊರಿನವರು. ಅವರ ಸಫಾಯಿ ಕರ್ಮಚಾರಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋಯಿತು. ಮಲ ಹೊರುವ ಪದ್ಧತಿ ನಿಷೇಧಿಸಿದ 1993ರ ಕಾನೂನು ಇತ್ತು, 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು. ರಕ್ಷಣಾ ಸಾಧನ ಇಲ್ಲದೆ ಯಾರನ್ನಾದರೂ ಚರಂಡಿ, ಸಂಡಾಸದ ಗುಂಡಿಗೆ ಇಳಿಸಿದರೆ ಮೊದಲ ತಪ್ಪಿಗೆ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮರುಕಳಿಸಿದರೆ 5 ವರ್ಷ, 5 ಲಕ್ಷ. ಇದು ಮನೆ ಮಾಲೀಕನಿಗೂ ಅನ್ವಯ, ಗುತ್ತಿಗೆದಾರನಿಗೂ ಅನ್ವಯ. 27 ಮಾರ್ಚ್ 2014ರ ತೀರ್ಪು ಸತ್ತವರ ಮನೆಗೆ 10 ಲಕ್ಷ ಪರಿಹಾರ ಎಂದಿತು. 20 ಅಕ್ಟೋಬರ್ 2023ರ ತೀರ್ಪು ಅದನ್ನು 30 ಲಕ್ಷಕ್ಕೆ ಏರಿಸಿತು. ಶಾಶ್ವತವಾಗಿ ಅಂಗವಿಕಲರಾದರೆ ಕನಿಷ್ಠ 20 ಲಕ್ಷ. 'ಅವನೇ ಕಾಲು ಜಾರಿ ಬಿದ್ದ' ಎಂದು ಬರೆಸಿಕೊಂಡು ಐವತ್ತು ಸಾವಿರಕ್ಕೆ ರಾಜಿ ಮಾಡಿಸುವವರು ಪ್ರತಿ ತಾಲ್ಲೂಕಿನಲ್ಲೂ ಇರುತ್ತಾರೆ. ಆ ಮನೆಯ ಹೆಣ್ಣುಮಕ್ಕಳಿಗೆ ಈ ಅಂಕಿ ಗೊತ್ತಿರಬೇಕು.

ನಿಮ್ಮ ಮನೆಯ ಗುಂಡಿ ತುಂಬಿದರೆ ಹೀರುವ ಯಂತ್ರದ ಗಾಡಿ ತರಿಸಿ. ಗುಂಡಿಗೆ ಹವಾ ಪೈಪ್ ಇದೆಯೇ ಎಂದು ಒಮ್ಮೆ ನೋಡಿ. ಅದು ಮಾಳಿಗೆಗಿಂತ ಎತ್ತರಕ್ಕೆ ಹೋಗಿರಬೇಕು, ತುದಿಗೆ ಸೊಳ್ಳೆ ಜಾಳಿಗೆ ಕಟ್ಟಿರಬೇಕು. ಹೊಸದಾಗಿ ಕಟ್ಟಿಸುವವರು ಮುಚ್ಚಳವನ್ನು ಗಾಡಿಯ ಪೈಪು ಇಳಿಯುವಷ್ಟು ಅಗಲ ಬಿಡಿ, ಮನುಷ್ಯ ಇಳಿಯುವಷ್ಟು ಬೇಡ.